ಮಂಗಳವಾರ ಸಂಜೆಯ ಆಸೆ

ಈ ಚೆಂಡನ್ನು ಮುಂದಿನ ಸಾಲಿನಿಂದ ಹಿಂದಿನ ಸಾಲಿನವರೆಗೆ ಕೈಯಿಂದ ಕೈಗೆ ದಾಟಿಸಿ. ನಾನು ಮಾತಾಡುವಷ್ಟು ಹೊತ್ತು ಅದು ಸಭೆಯಲ್ಲಿ ಓಡಾಡಿಕೊಂಡಿರಲಿ. ಹಿಡಿದು ನೋಡಿ. ಗುಂಡಗಿಲ್ಲ. ಸುಲಿಯದ ಸಣ್ಣ ತೆಂಗಿನಕಾಯಿ ಇದ್ದ ಹಾಗಿದೆ. ನೆಲಕ್ಕೆ ಬಿಟ್ಟರೆ ಎತ್ತ ಪುಟಿಯುತ್ತದೆ ಅಂತ ಬಿಟ್ಟವರಿಗೂ ಗೊತ್ತಿಲ್ಲ. ಮಕ್ಕಳೇ, ಒಳಗೆ ಮಾತ್ರ ಯಾರೂ ಒದೆಯಬೇಡಿ. ಇದು ಬಾಡಿಗೆ ಹಾಲ್.

ಫೂಟಿ, ಅಂದರೆ ಆಸ್ಟ್ರೇಲಿಯನ್ ಫುಟ್ಬಾಲ್, ಅದರ ಆಟಗಾರ ಬೆಳೆಯುವುದು ಪ್ರತಿಭೆಯಿಂದಲೋ ಆಸೆಯಿಂದಲೋ ಅಂತ ಮಾತಾಡಿ ಎಂದು ನನ್ನನ್ನು ಕರೆದಿದ್ದಾರೆ. ಮೊದಲೇ ಹೇಳಿಬಿಡುತ್ತೇನೆ, ನಾನು ಈ ಆಟದ ಒಂದೇ ಒಂದು ಪಂದ್ಯ ಆಡಿದವನಲ್ಲ. ಹಾಸನದ ಕಡೆ ಕಬಡ್ಡಿ, ಕ್ರಿಕೆಟ್ ಆಡಿಕೊಂಡು ಬೆಳೆದವನು. ಮೆಲ್ಬರ್ನ್‌ಗೆ ಬಂದು 17 ವರ್ಷ ಆಯ್ತು. ಮಗನಿಗೆ 6 ವರ್ಷ ಇದ್ದಾಗ ಪಕ್ಕದ ಮನೆಯವರು ಆಸ್‌ಕಿಕ್‌ಗೆ, ಅಂದರೆ ಚಿಕ್ಕ ಮಕ್ಕಳಿಗೆ ಫೂಟಿ ಕಲಿಸುವ ಕಡೆಗೆ, ಸೇರಿಸಿ ಅಂದರು, ಸೇರಿಸಿದೆ. ಇಲ್ಲಿ ಮಗು ಆಡಿದರೆ ಅಪ್ಪ ಅಮ್ಮ ಸುಮ್ನೆ ಕೂರುವ ಹಾಗಿಲ್ಲ, ನಿಮಗೆ ಗೊತ್ತೇ ಇದೆ. ಮೊದಲ ವರ್ಷ ಕಿತ್ತಳೆ ಹೋಳು ಮಾಡಿದೆ. ಆಮೇಲೆ ನೀರಿನ ಬಾಟ್ಲಿ ಹೊತ್ತುಕೊಂಡು ಓಡಿದೆ. ಬಿಳಿ ಬಾವುಟ ಬೀಸುವ ಗೋಲ್ ಅಂಪೈರ್ ಆದೆ. ಕೊನೆಗೆ 12 ವರ್ಷದೊಳಗಿನವರ ತಂಡಕ್ಕೆ ಸಹಾಯಕ ಕೋಚ್ ಮಾಡಿಬಿಟ್ಟರು. ನನ್ನ ಅನುಭವ ಅಷ್ಟೇ. ಆದರೆ ವರ್ಷಗಟ್ಟಲೆ ಮಂಗಳವಾರ, ಗುರುವಾರ ಸಂಜೆ ಚಳಿಯಲ್ಲಿ ನಿಂತು ಹುಡುಗರನ್ನು ನೋಡಿದ್ದೇನೆ. ಯಾರು ಉಳಿದರು, ಯಾರು ಬಿಟ್ಟು ಹೋದರು, ಕಂಡಿದ್ದೇನೆ.

ಊರಿಂದ ಬಂದಿರುವ ಅಜ್ಜ ಅಜ್ಜಿಯರಿಗಾಗಿ ಎರಡು ಮಾತು. ಒಂದೊಂದು ಕಡೆ 18 ಜನ. ಮೈದಾನ ಮೊಟ್ಟೆಯಾಕಾರ, ಉದ್ದ 185 ಮೀಟರ್‌ವರೆಗೂ ಇರಬಹುದು. ಕಾಲಲ್ಲಿ ಒದೆಯಬಹುದು, ಮುಷ್ಟಿಯಲ್ಲಿ ಗುದ್ದಿ ದಾಟಿಸಬಹುದು, ಎಸೆಯುವಂತಿಲ್ಲ. ಎರಡೂ ತುದಿಯಲ್ಲಿ ನಾಲ್ಕು ನಾಲ್ಕು ಕಂಬ. ನಡುವಿನ ಎರಡರ ಮಧ್ಯೆ ಒದ್ದರೆ 6 ಪಾಯಿಂಟ್. ಪಕ್ಕದ ಕಂಬದ ಸಂದಿಯಲ್ಲಿ ಹೋದರೆ, ಅಥವಾ ನಡುವಿನ ಕಂಬಕ್ಕೆ ಬಡಿದರೆ, 1. ದೊಡ್ಡವರ ಪಂದ್ಯದಲ್ಲಿ ಒಬ್ಬೊಬ್ಬ ಆಟಗಾರ 12ರಿಂದ 15 ಕಿಲೋಮೀಟರ್ ಓಡುತ್ತಾನೆ. ನಡುವೆ ಬೀಳುತ್ತಾನೆ, ಏಳುತ್ತಾನೆ, ಇನ್ನೊಬ್ಬರ ಮೈಮೇಲೆ ಹಾರುತ್ತಾನೆ.

ಇಂಥ ಆಟದಲ್ಲಿ ಪ್ರತಿಭೆ ಅಂದರೆ ಏನು? ಸ್ವಲ್ಪ ಭಾಗವನ್ನು ಟೇಪ್ ಹಿಡಿದೇ ಅಳೆಯಬಹುದು. ವರ್ಷಕ್ಕೊಮ್ಮೆ ಎಎಫ್‌ಎಲ್‌ನವರು, ಅಂದರೆ ಇಲ್ಲಿನ ಅತಿ ದೊಡ್ಡ ಫೂಟಿ ಲೀಗ್‌ನವರು, 18ರ ಆಸುಪಾಸಿನ ಹುಡುಗರನ್ನು ಕರೆದು ಪರೀಕ್ಷೆ ಮಾಡುತ್ತಾರೆ. 20 ಮೀಟರ್ ಓಟ, ನಿಂತಲ್ಲಿಂದ ಎಷ್ಟು ಎತ್ತರ ಹಾರುತ್ತಾನೆ, ಓಡಿ ಬಂದು ಎಷ್ಟು ಹಾರುತ್ತಾನೆ, 2 ಕಿಲೋಮೀಟರ್ ಎಷ್ಟು ಹೊತ್ತಲ್ಲಿ ಮುಗಿಸುತ್ತಾನೆ. 20 ಮೀಟರನ್ನು 3 ಸೆಕೆಂಡ್ ಒಳಗೆ ಓಡಿದರೆ ಬೆಂಚಿನ ಮೇಲೆ ಕೂತ ಆಯ್ಕೆದಾರರು ಪೆನ್ನು ತೆಗೆಯುತ್ತಾರೆ.

ಇದರಲ್ಲಿ ಕೆಲವನ್ನು ಆಸೆಯಿಂದ ಗಳಿಸಲಿಕ್ಕೆ ಆಗಲ್ಲ. ಮೇಸನ್ ಕಾಕ್ಸ್ ಅಂತ ಒಬ್ಬ ಅಮೆರಿಕನ್. ಓಕ್ಲಹೋಮದ ಕಾಲೇಜಲ್ಲಿ ಬಾಸ್ಕೆಟ್‌ಬಾಲ್ ಆಡುತ್ತಿದ್ದವರು. ಫೂಟಿ ಗಂಧಗಾಳಿ ಇರಲಿಲ್ಲ. 2014ರಲ್ಲಿ ಕಾಲಿಂಗ್‌ವುಡ್ ಕ್ಲಬ್ ಅವರನ್ನು ಕರೆದುಕೊಂಡಿತು. ಕಾರಣ ನೇರ: ಎತ್ತರ 211 ಸೆಂಟಿಮೀಟರ್. 2016ರ ಆಂಜಾಕ್ ದಿನ, ಅಂದರೆ ಇಲ್ಲಿ ಯೋಧರನ್ನು ನೆನೆಯುವ ದಿನ, ಮೊದಲ ಪಂದ್ಯ, ಮೊದಲ ಒದೆತವೇ ಗೋಲು. 2023ರಲ್ಲಿ ಚಾಂಪಿಯನ್ ತಂಡದಲ್ಲಿದ್ದರು. ಅವರು ಪಟ್ಟ ಕಷ್ಟ ಸಣ್ಣದಲ್ಲ, ಆದರೆ ಬಾಗಿಲು ತೆರೆದದ್ದು ಎತ್ತರ. ನನ್ನಷ್ಟು ಎತ್ತರ ಇದ್ದಿದ್ದರೆ ವಿಮಾನದ ಟಿಕೆಟ್ ಯಾರೂ ಕಳಿಸುತ್ತಿರಲಿಲ್ಲ.

ಹಾಗಂತ ಗಿಡ್ಡಗಿದ್ದವರಿಗೆ ಜಾಗ ಇಲ್ಲ ಅಂದುಕೊಳ್ಳಬೇಡಿ. ಟೋನಿ ಲಿಬರೇಟೋರ್ 163 ಸೆಂಟಿಮೀಟರ್. 1990ರಲ್ಲಿ ಬ್ರೌನ್‌ಲೋ ಪದಕ ಗೆದ್ದರು. ಬ್ರೌನ್‌ಲೋ ಅಂದರೆ ಇಡೀ ವರ್ಷ ಅಂಪೈರ್‌ಗಳು ಕೊಟ್ಟ ಓಟು ಕೂಡಿಸಿ ಅತ್ಯುತ್ತಮ ಆಟಗಾರನಿಗೆ ಕೊಡುವ ಪದಕ. ಬ್ರೆಂಟ್ ಹಾರ್ವಿ 167 ಸೆಂಟಿಮೀಟರ್, 432 ಪಂದ್ಯ ಆಡಿದರು.

ಈಗ ನಿಮಗೆ 2001ರ ಡ್ರಾಫ್ಟ್ ಕಥೆ ಹೇಳಬೇಕು. ಇದನ್ನು ಎಷ್ಟು ಸಲ ಹೇಳಿದರೂ ನನಗೆ ಬೇಜಾರಾಗಲ್ಲ. ಡ್ರಾಫ್ಟ್ ಅಂದರೆ ಕ್ಲಬ್‌ಗಳು ಹೊಸ ಹುಡುಗರನ್ನು ಆರಿಸಿಕೊಳ್ಳುವುದು. ಐಪಿಎಲ್ ಹರಾಜಿನ ಹಾಗಲ್ಲ. ದುಡ್ಡು ಕೂಗುವುದಿಲ್ಲ, ಸರದಿ ಪ್ರಕಾರ ಹುಡುಗರ ಹೆಸರು ಕೂಗುತ್ತಾರೆ. ಆಗಷ್ಟೇ ಮುಗಿದ ಸೀಸನ್‌ನಲ್ಲಿ ಕೆಳಗೆ ಬಿದ್ದ ತಂಡಗಳಿಗೆ ಮೊದಲ ಸರದಿ. ಈಗೆಲ್ಲ ವರ್ಷಕ್ಕೆ ಸುಮಾರು 60–70 ಹುಡುಗರ ಹೆಸರು ಬರುತ್ತದೆ. ಇಡೀ ದೇಶದಿಂದ ಅಷ್ಟೇ.

2001ರಲ್ಲಿ ಮೊದಲ ಹೆಸರು ಲ್ಯೂಕ್ ಹಾಡ್ಜ್. ಎರಡನೆಯದು ಲ್ಯೂಕ್ ಬಾಲ್. ಮೂರನೆಯದು ಕ್ರಿಸ್ ಜಡ್. ಎಂಟನೆಯದು ಜಿಮ್ಮಿ ಬಾರ್ಟೆಲ್. ಅಲ್ಲಿಂದ ಕೆಳಗಿಳಿಯಿರಿ. 36ನೇ ಹೆಸರು ಸ್ಯಾಮ್ ಮಿಚೆಲ್. 40ನೇ ಹೆಸರು ಗ್ಯಾರಿ ಆಬ್ಲೆಟ್ ಜೂನಿಯರ್. 58ನೇ ಹೆಸರು ಡೇನ್ ಸ್ವಾನ್. ಅಂದರೆ ಸ್ವಾನ್‌ಗಿಂತ ಇವರು ವಾಸಿ ಅಂತ 57 ಹುಡುಗರನ್ನು ಮೊದಲು ಕರೆದಿದ್ದರು.

ಆಮೇಲೆ ಏನಾಯ್ತು? ಜಡ್ 2004ರಲ್ಲೂ 2010ರಲ್ಲೂ ಬ್ರೌನ್‌ಲೋ ಗೆದ್ದರು. ಬಾರ್ಟೆಲ್ 2007ರಲ್ಲಿ. ಆಬ್ಲೆಟ್ 2009 ಮತ್ತು 2013. ಸ್ವಾನ್ 2011. ಮಿಚೆಲ್‌ಗೆ 2012ರದ್ದು, ಅದೂ ಹಂಚಿಕೊಂಡು, ಅದೂ ಮೊದಲು ಗೆದ್ದವರ ಪದಕ ವಾಪಸ್ ಹೋದ ಮೇಲೆ 2016ರಲ್ಲಿ ಕೈಗೆ ಬಂತು. ಹಾಡ್ಜ್ ಬ್ರೌನ್‌ಲೋ ಗೆಲ್ಲಲಿಲ್ಲ, ಆದರೆ ನಾಲ್ಕು ಸಲ ಚಾಂಪಿಯನ್ ತಂಡದಲ್ಲಿದ್ದರು.

ಬೆಳೆಯುವ ಸಿರಿ ಮೊಳಕೆಯಲ್ಲಿ ಅಂತೀವಲ್ಲ, ಗಾದೆ ಅರ್ಧ ನಿಜ. ಹಾಡ್ಜ್, ಜಡ್, ಬಾರ್ಟೆಲ್ ವಿಷಯದಲ್ಲಿ ಮೊಳಕೆ ನೋಡಿದವರು ಸರಿಯಾಗೇ ಹೇಳಿದ್ದರು. ಪ್ರತಿಭೆ ಲೆಕ್ಕಕ್ಕಿಲ್ಲ ಅನ್ನುವವರು ಈ ಮೂರು ಹೆಸರು ಮರೆಯುತ್ತಾರೆ. ಉಳಿದ ಮೂವರ ವಿಷಯದಲ್ಲಿ ತಪ್ಪಿದ್ದೆಲ್ಲಿ? ಒಬ್ಬೊಬ್ಬರದೂ ಬೇರೆ ಬೇರೆ ಕಥೆ, ಅದಕ್ಕೇ ನನಗೆ ಇದು ಇಷ್ಟ.

ಮಿಚೆಲ್ ವೇಗ ಇಲ್ಲದ ಹುಡುಗ. ಎತ್ತರವೂ ಅಷ್ಟಕ್ಕಷ್ಟೇ. 2000ದ ಡ್ರಾಫ್ಟ್‌ನಲ್ಲಿ ಅವರ ಹೆಸರನ್ನು ಯಾರೂ ಕೂಗಲಿಲ್ಲ. ಒಂದು ವರ್ಷ ಬಾಕ್ಸ್ ಹಿಲ್‌ನಲ್ಲಿ, ಅಂದರೆ ಒಂದು ಮೆಟ್ಟಿಲು ಕೆಳಗಿನ ಲೀಗ್‌ನಲ್ಲಿ ಆಡಿದರು. ಮಾರನೇ ವರ್ಷ ಆಯ್ಕೆಯಾದರು. 2008ರಲ್ಲಿ ಅವರ ಕ್ಲಬ್ ಹಾಥಾರ್ನ್ ಕಪ್ ಗೆದ್ದಾಗ ಅವರೇ ನಾಯಕ. ಅವರ ಆಟದ ವಿಶೇಷ ಏನು ಗೊತ್ತಾ? ಎರಡೂ ಕಾಲಲ್ಲಿ ಒಂದೇ ಥರ ಒದೆಯುತ್ತಿದ್ದರು. ಯಾವುದು ಅವರ ಬಲವಾದ ಕಾಲು, ಯಾವುದು ಅಲ್ಲ, ಎದುರಾಳಿಗೆ ಗೊತ್ತೇ ಆಗುತ್ತಿರಲಿಲ್ಲ. ಈ ಎರಡು ಕಾಲಿನ ವಿಷಯ ನೆನಪಿಟ್ಟುಕೊಳ್ಳಿ, ಆಮೇಲೆ ಮತ್ತೆ ಬರುತ್ತೇನೆ.

ಆಬ್ಲೆಟ್ ಕಥೆ ಉಲ್ಟಾ. ಅಪ್ಪ ಗ್ಯಾರಿ ಆಬ್ಲೆಟ್ ಸೀನಿಯರನ್ನು ಜೀಲಾಂಗ್ ಜನ 'ದೇವರು' ಅಂತಲೇ ಕರೆಯುತ್ತಿದ್ದರು. ಅಪ್ಪ ಆಡಿದ ಕ್ಲಬ್‌ಗೇ ಮಗ ಹೋಗಬಹುದು ಎಂಬ ನಿಯಮ ಇದೆ, ಹಾಗೆ ಬಂದವರು ಮಗ. ಪ್ರತಿಭೆ ತುಂಬಿ ತುಳುಕುತ್ತಿತ್ತು. ಮೊದಲ ಐದು ವರ್ಷ ಗೋಲ್ ಹತ್ತಿರ ನಿಂತು ಚೆನ್ನಾಗೇ ಆಡಿಕೊಂಡಿದ್ದರು. 2006ರ ಸೀಸನ್ ಮುಗಿದ ಮೇಲೆ ಜೊತೆಯ ಆಟಗಾರರೇ ಕೂರಿಸಿಕೊಂಡು ಹೇಳಿದರು: ನೀನು ಇನ್ನೂ ಎಷ್ಟೋ ಮಾಡಬಹುದು, ಮಾಡುತ್ತಿಲ್ಲ. ಆ ಬೇಸಿಗೆ ಅವರು ಬೇರೆಯದೇ ರೀತಿ ತಯಾರಾದರು. 2007ರಲ್ಲಿ ಮೈದಾನದ ನಡುವೆ ಆಡತೊಡಗಿದರು. ಆ ವರ್ಷ ಜೀಲಾಂಗ್ 44 ವರ್ಷದ ನಂತರ ಕಪ್ ಗೆದ್ದಿತು.

ಇಲ್ಲಿ ಒಂದು ವಿಷಯ ಗಮನಿಸಿ. ಆಬ್ಲೆಟ್‌ಗೆ ಆಸೆ ಹುಟ್ಟುವಾಗಲೇ ಬಂದದ್ದಲ್ಲ. ಅದನ್ನು ಕೆದಕಿದವರು ಗೆಳೆಯರು. ಅದೂ ಬಯ್ದು ಅಲ್ಲ, ಎದುರಿಗೆ ಕೂತು ಇದ್ದದ್ದನ್ನು ಇದ್ದ ಹಾಗೆ ಹೇಳಿ. ಪ್ರತಿಭೆ ಹುಟ್ಟಿನಿಂದ, ಆಸೆ ನಮ್ಮ ಕೈಲಿ ಅಂತ ಗೆರೆ ಎಳೆದು ಮಾತಾಡುವವರಿಗೆ ನಾನು ಈ ಉದಾಹರಣೆ ಕೊಡುತ್ತೇನೆ. ಆಸೆಯೂ ಒಬ್ಬರಿಂದ ಇನ್ನೊಬ್ಬರಿಗೆ ಅಂಟುವ ವಸ್ತು.

ಇನ್ನು ಸ್ವಾನ್. ಈ ಮನುಷ್ಯ ಎಲ್ಲ ಕೋಚ್‌ಗಳ ಲೆಕ್ಕ ತಪ್ಪಿಸುತ್ತಾರೆ. ತರಬೇತಿ ಕಂಡರೆ ಆಗಲ್ಲ ಅಂತ ತಾವೇ ನಗುತ್ತಾ ಹೇಳಿಕೊಳ್ಳುವವರು. ಮೈತುಂಬ ಹಚ್ಚೆ, ಓಟದ ಧಾಟಿ ನೋಡಿದರೆ ಬಸ್ ತಪ್ಪಿಸಿಕೊಂಡವರ ಹಾಗೆ. ಶಿಸ್ತಿನ ಪಾಠಕ್ಕೆ ಉದಾಹರಣೆ ಮಾಡುವ ಹಾಗೇ ಇಲ್ಲ. ಆದರೆ ಶನಿವಾರ ಸೀಟಿ ಊದಿದ ಮೇಲೆ ಅವರಷ್ಟು ಸಲ ಚೆಂಡಿನ ಹತ್ತಿರ ಓಡಿದವರು ಕಡಿಮೆ. ಒಂದಿಷ್ಟು ಹೊತ್ತು ಬಿರುಸಾಗಿ ಓಡುವುದು, ಬೆಂಚಿಗೆ ಬಂದು ಉಸಿರು ತಗೊಳ್ಳುವುದು, ಮತ್ತೆ ಹೋಗುವುದು. ಅವರಿಗೆ ಆಟದ ಮೇಲೆ ಆಸೆ ಇತ್ತು, ಅಭ್ಯಾಸದ ಮೇಲೆ ಇರಲಿಲ್ಲ. ಎರಡೂ ಒಂದೇ ಅಲ್ಲ. ಮಗ ಅಭ್ಯಾಸಕ್ಕೆ ಗೊಣಗುತ್ತಾನೆ ಅಂದ ಕೂಡಲೇ ಅವನಿಗೆ ಆಸಕ್ತಿ ಇಲ್ಲ ಅಂತ ತೀರ್ಮಾನ ಮಾಡುವ ಅಪ್ಪಂದಿರು ಇಲ್ಲಿದ್ದರೆ, ಸ್ವಲ್ಪ ತಡೆಯಿರಿ.

ಯಾರೋ ಹಿಂದಿನಿಂದ ದ್ರಾವಿಡ್ ಅಂತಿದ್ದಾರೆ. ಬಂದೇ ಬರುತ್ತೆ ಅಂತ ಗೊತ್ತಿತ್ತು. ನಾವು ಕನ್ನಡದವರು ಪ್ರತಿಭೆ, ಪರಿಶ್ರಮ ಅಂದ ಕೂಡಲೇ ದ್ರಾವಿಡ್ ಅವರನ್ನು ಎಳೆದು ತರುತ್ತೇವೆ. ಪ್ರತಿಭೆ ಕಡಿಮೆ ಇತ್ತು, ಬರೀ ತಾಳ್ಮೆಯಿಂದ ಬೆಳೆದರು ಅನ್ನುವ ಹಾಗೆ. ವೇಗದ ಬೌಲಿಂಗ್‌ನಲ್ಲಿ ಆಫ್ ಸ್ಟಂಪ್ ಆಚೆಯ ಚೆಂಡನ್ನು ಕೊನೇ ಕ್ಷಣದಲ್ಲಿ ಬಿಡುವುದು ಪ್ರತಿಭೆ ಅಲ್ಲದೆ ಇನ್ನೇನು? ಸದ್ದಿಲ್ಲದ ಪ್ರತಿಭೆಯನ್ನು ನಾವು ಪರಿಶ್ರಮ ಅಂತ ಕರೆದುಬಿಡುತ್ತೇವೆ. ಮಿಚೆಲ್ ವಿಷಯದಲ್ಲೂ ಹೀಗೇ ಆಯ್ತು ಅಂತ ನನ್ನ ಅನಿಸಿಕೆ. ಚೆಂಡು ಎಲ್ಲಿ ಬೀಳುತ್ತದೆ ಅಂತ ಒಂದು ಕ್ಷಣ ಮುಂಚೆ ಗೊತ್ತಾಗುವುದನ್ನು ಯಾವ ಟೇಪಿನಲ್ಲಿ ಅಳೆಯುತ್ತೀರಿ?

ಆಯ್ತು, ಹಾಗಾದರೆ ಆಸೆ ಅಂದರೆ ಏನು?

ಇಲ್ಲಿನ ಹಳೇ ಅಭಿಮಾನಿಗಳನ್ನು ಕೇಳಿದರೆ ಜಾನ್ ಕೆನಡಿ ಅವರ ಭಾಷಣ ನೆನಪಿಸುತ್ತಾರೆ. ಹಾಥಾರ್ನ್ ಕೋಚ್. 1961ರಲ್ಲಿ ಆ ಕ್ಲಬ್‌ಗೆ ಮೊದಲ ಕಪ್ ತಂದುಕೊಟ್ಟವರು. ಹುಡುಗರನ್ನು ಸೈನಿಕರ ಹಾಗೆ ಓಡಿಸುತ್ತಿದ್ದರು, 'ಕೆನಡಿಯ ಕಮಾಂಡೋಗಳು' ಅಂತಲೇ ಹೆಸರು ಬಿದ್ದಿತ್ತು. 1975ರ ಫೈನಲ್. ಹಾಥಾರ್ನ್ ಹಿಂದೆ ಬಿದ್ದಿತ್ತು. ಕೆನಡಿ ಆಟಗಾರರ ಮುಂದೆ ನಿಂತು ಗುಡುಗಿದರು. ಯೋಚನೆ ಮಾಡ್ತಾ ಕೂರಬೇಡಿ, ಆಗಲಿ ಅಂತ ನಿರೀಕ್ಷೆ ಇಟ್ಕೊಂಡು ಕೂರಬೇಡಿ, ಮಾಡಿ! ಈ ಮಾತು ಇವತ್ತಿಗೂ ಇಲ್ಲಿ ಬಾಯಿಪಾಠ. ಮನಸ್ಸಿದ್ದರೆ ಮಾರ್ಗ ಅನ್ನೋದರ ಆಸ್ಟ್ರೇಲಿಯಾ ರೂಪ ಅಂದುಕೊಳ್ಳಿ. ಆ ಪಂದ್ಯ ಏನಾಯ್ತು ಅಂತ ಮಾತ್ರ ಯಾರೂ ಹೇಳುವುದಿಲ್ಲ. ಹಾಥಾರ್ನ್ 55 ಪಾಯಿಂಟ್‌ಗಳಿಂದ ಸೋತಿತು.

ಕೆನಡಿ ಅವರನ್ನು ಗೇಲಿ ಮಾಡುತ್ತಿಲ್ಲ. ಮಾರನೇ ವರ್ಷ ಅವರೇ ಕಪ್ ಗೆದ್ದರು. ಫೈನಲ್ ದಿನ ಕೂಗಿ ಹುಟ್ಟಿಸುವ ಆಸೆಗೆ ಆಯುಸ್ಸು ಎಷ್ಟು ಅಂತ ಕೇಳುತ್ತಿದ್ದೇನೆ ಅಷ್ಟೇ. ಎದುರಿಗಿದ್ದ ನಾರ್ತ್ ಮೆಲ್ಬರ್ನ್ ಹುಡುಗರಿಗೂ ಆಸೆ ಇತ್ತಲ್ಲ. ಅವರ ಕ್ಲಬ್ ಅಲ್ಲಿಯವರೆಗೆ ಒಂದು ಸಲವೂ ಕಪ್ ಎತ್ತಿರಲಿಲ್ಲ.

ನನಗೆ ಆಸೆ ಅಂದರೆ ನೆನಪಾಗುವುದು ಜಿಮ್ ಸ್ಟೈನ್ಸ್. ಡಬ್ಲಿನ್ ಹುಡುಗ. ಐರ್ಲೆಂಡಿನ ಗೇಲಿಕ್ ಫುಟ್ಬಾಲ್ ಆಡುತ್ತಿದ್ದರು. ಅದರಲ್ಲಿ ಚೆಂಡು ಗುಂಡಗೆ. ಮೆಲ್ಬರ್ನ್ ಕ್ಲಬ್‌ನವರು ಐರಿಶ್ ಹುಡುಗರನ್ನು ಕರೆತಂದು ಫೂಟಿ ಕಲಿಸೋಣ ಅಂತ ಒಂದು ಪ್ರಯೋಗ ಮಾಡಿದರು. ಜಾಹೀರಾತು ಕೊಟ್ಟು ಎತ್ತರದ ಹುಡುಗರನ್ನು ಹುಡುಕಿದರು. 1984ರಲ್ಲಿ, 18ನೇ ವಯಸ್ಸಿಗೆ ಸ್ಟೈನ್ಸ್ ಹೊರಟು ಬಂದರು. ಸುಮಾರು 199 ಸೆಂಟಿಮೀಟರ್ ಎತ್ತರ, ದಣಿವಿಲ್ಲದ ಓಟ. ಆದರೆ ಈಗ ನಿಮ್ಮ ಕೈಯಲ್ಲಿ ಓಡಾಡುತ್ತಿರುವ ಈ ತೆಂಗಿನಕಾಯಿ ಇದೆಯಲ್ಲ, ಇದು ಅವರ ಮಾತು ಕೇಳುತ್ತಿರಲಿಲ್ಲ. ಇಲ್ಲಿನ ಮಕ್ಕಳು ಐದನೇ ವಯಸ್ಸಿಗೆ ಕಲಿಯುವುದನ್ನು ಅವರು 18ಕ್ಕೆ ಶುರು ಮಾಡಿದ್ದು. 1986ರಲ್ಲಿ ಅವರನ್ನು ಕೆಳಗಿನ ಲೀಗ್‌ನ ಪ್ರಹ್ರಾನ್ ಕ್ಲಬ್‌ಗೆ ಕಳಿಸಿದರು. 1987ರಲ್ಲಿ ದೊಡ್ಡ ತಂಡಕ್ಕೆ ಬಂದರು.

ಅದೇ ವರ್ಷ ಆ ಘಟನೆ. ಫೈನಲ್‌ಗೆ ಹೋಗಲು ಕೊನೆಯ ಪಂದ್ಯ. ಮೆಲ್ಬರ್ನ್ 1964ರ ನಂತರ ಮೊದಲ ಸಲ ಇಷ್ಟು ದೂರ ಬಂದಿತ್ತು. ಕೊನೆಯ ಸೈರನ್ ಆಯ್ತು, ಮೆಲ್ಬರ್ನ್ ಮುಂದಿದೆ. ಹಾಥಾರ್ನ್‌ನ ಗ್ಯಾರಿ ಬಕನಾರ ಕೈಯಲ್ಲಿ ಚೆಂಡು, ಒಂದೇ ಒದೆತ ಬಾಕಿ. ಗೋಲು ದೂರ ಇತ್ತು, ಕಷ್ಟದ ಒದೆತ. ಆಗ ಸ್ಟೈನ್ಸ್ ಬಕನಾರ ಮುಂದೆ, ಅಡ್ಡ ಬರಬಾರದ ಜಾಗದಲ್ಲಿ ಓಡಿಬಿಟ್ಟರು. ಅಂಪೈರ್ 15 ಮೀಟರ್ ದಂಡ ಕೊಟ್ಟರು. ಒದೆಯುವ ಜಾಗ ಅಷ್ಟು ಮುಂದೆ ಬಂತು. ಬಕನಾರ ಒದ್ದರು, ಗೋಲು. ಹಾಥಾರ್ನ್ 2 ಪಾಯಿಂಟ್‌ನಿಂದ ಗೆದ್ದಿತು. ಡ್ರೆಸಿಂಗ್ ರೂಮಿನಲ್ಲಿ ಕೋಚ್ ಸ್ಟೈನ್ಸ್ ಮುಖಕ್ಕೆ ಮುಖ ಕೊಟ್ಟು ಬಯ್ಯುವ ದೃಶ್ಯ ಟಿವಿಯಲ್ಲೂ ಬಂತು. ನೀವೇ ಯೋಚಿಸಿ. 21 ವರ್ಷದ ಹುಡುಗ, ಮನೆ ಪ್ರಪಂಚದ ಆ ತುದಿಯಲ್ಲಿದೆ, ಇಡೀ ಊರು ನಿನ್ನಿಂದಲೇ ಸೋತೆವು ಅಂತಿದೆ.

ಟಿಕೆಟ್ ತಗೊಂಡು ಮನೆಗೆ ಹೋಗಬಹುದಿತ್ತು, ಯಾರೂ ತಪ್ಪು ತಿಳಿಯುತ್ತಿರಲಿಲ್ಲ. ಅವರು ಉಳಿದರು. 1991ರಲ್ಲಿ ಬ್ರೌನ್‌ಲೋ ಗೆದ್ದರು. ಆದರೆ ನನಗೆ ಆ ಪದಕಕ್ಕಿಂತ ಇನ್ನೊಂದು ಸಂಖ್ಯೆ ಇಷ್ಟ. ಸತತ 244 ಪಂದ್ಯ. ಒಂದನ್ನೂ ತಪ್ಪಿಸಲಿಲ್ಲ. ಹತ್ತು ವರ್ಷಕ್ಕೂ ಜಾಸ್ತಿ. ಈ ಆಟದಲ್ಲಿ ಪಕ್ಕೆಲುಬು, ಮೊಣಕಾಲು, ಬೆರಳು ಏನೆಲ್ಲ ಮುರಿಯುತ್ತವೆ ಅಂತ ನೋಡಿದವರಿಗೆ ಈ ಸಂಖ್ಯೆಯ ಭಾರ ಗೊತ್ತಾಗುತ್ತದೆ. 2012ರಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡಾಗ ಇಡೀ ಮೆಲ್ಬರ್ನ್ ಅತ್ತಿತು, ಅವರನ್ನು ಒಂದು ಕಾಲಕ್ಕೆ ಬಯ್ದವರೂ ಸೇರಿ.

ಸ್ಟೈನ್ಸ್ ಅವರಿಗೆ ಪ್ರತಿಭೆ ಇರಲಿಲ್ಲವಾ? ಇತ್ತು. ಆ ಎತ್ತರಕ್ಕೆ ಆ ಥರ ಓಡುವವರು ಅಪರೂಪ. ಅದಿಲ್ಲದಿದ್ದರೆ ಆಸೆ ಎಷ್ಟಿದ್ದರೂ ಡಬ್ಲಿನ್‌ನಲ್ಲೇ ಇರುತ್ತಿದ್ದರು. ನನಗೆ ಅರ್ಥವಾಗಿರುವುದು ಇಷ್ಟು. ಪ್ರತಿಭೆ ಬಸ್ ಹತ್ತಿಸುತ್ತದೆ. ಹತ್ತಿದವರೆಲ್ಲರ ಹತ್ತಿರವೂ ಪ್ರತಿಭೆ ಇರುವ ಬಸ್ ಅದು. ಅಲ್ಲಿಂದ ಮುಂದೆ ಯಾರು ಯಾವ ಸ್ಟಾಪಿನಲ್ಲಿ ಇಳಿಯುತ್ತಾರೆ ಅನ್ನುವುದು ಬೇರೆ ಲೆಕ್ಕ.

ಈಗ ನಮ್ಮ ಬೀದಿಗೆ ಬರೋಣ. ನಮ್ಮ ತಂಡದಲ್ಲಿ ಒಬ್ಬ ಹುಡುಗ ಇದ್ದ. ಹೆಸರು ಬೇಡ. 11 ವರ್ಷ, ಡಿಸೆಂಬರ್‌ನಲ್ಲಿ ಹುಟ್ಟಿದವನು. ಈ ಡಿಸೆಂಬರ್ ವಿಷಯ ಸುಮ್ನೆ ಹೇಳುತ್ತಿಲ್ಲ. ಇಲ್ಲಿ ವಯಸ್ಸಿನ ಗುಂಪು ಜನವರಿಯಿಂದ ಲೆಕ್ಕ. ಜನವರಿಯಲ್ಲಿ ಹುಟ್ಟಿದವನೂ ಡಿಸೆಂಬರ್‌ನಲ್ಲಿ ಹುಟ್ಟಿದವನೂ ಒಂದೇ ಗುಂಪು. 11ನೇ ವಯಸ್ಸಲ್ಲಿ ಒಂದು ವರ್ಷ ಅಂದರೆ ನಾಲ್ಕು ಬೆರಳಿನಷ್ಟು ಎತ್ತರ, ನಾಲ್ಕೈದು ಕೆಜಿ ತೂಕ. ಆಯ್ಕೆ ಆದವರಲ್ಲಿ ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ ಜಾಸ್ತಿ ಇರುತ್ತಾರೆ ಅಂತ ಸಂಶೋಧಕರು ಹಲವು ಆಟಗಳಲ್ಲಿ ನೋಡಿದ್ದಾರೆ, ಇದರಲ್ಲೂ ಕೂಡ. ನಾವು ಪ್ರತಿಭೆ ಅಂತ ಚಪ್ಪಾಳೆ ಹೊಡೆಯುವುದರಲ್ಲಿ ಎಷ್ಟೋ ಭಾಗ ಹುಟ್ಟಿದ ತಿಂಗಳು. ದೊಡ್ಡ ಹುಡುಗ ನುಗ್ಗಿ ಚೆಂಡು ಕಿತ್ತುಕೊಂಡರೆ "ನೋಡಿ, ಎಷ್ಟು ಹಸಿವು ಅವನಿಗೆ" ಅಂತೇವೆ. ಹಸಿವಲ್ಲ, ಬರೀ ತೂಕ.

ಈ ಹುಡುಗ ಚಿಕ್ಕವನು, ಜೊತೆಗೆ ನಿಧಾನ. ಅಭ್ಯಾಸ ಮುಗಿದ ಮೇಲೆ ಬಟ್ಟೆ ಬದಲಿಸುವ ಕೋಣೆಯ ಹಿಂದೆ ಇಟ್ಟಿಗೆ ಗೋಡೆ ಇದೆ, ಅಲ್ಲಿಗೆ ಹೋಗುತ್ತಿದ್ದ. ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಒಂದು ವೃತ್ತ. ಎಡಗಾಲಲ್ಲಿ ಒದೆಯುತ್ತಿದ್ದ. ಅವನು ಬಲಗಾಲಿನವನು. ಒದ್ದು ನೋಡಿದವರಿಗೆ ಗೊತ್ತು, ತೊಂದರೆ ಕಾಲಿನದ್ದಲ್ಲ, ಕೈಯದ್ದು. ಬಲಗಾಲಿಗೆ ಬಲಗೈಯಿಂದ ಚೆಂಡು ಬಿಡಬೇಕು, ಎಡಗಾಲಿಗೆ ಎಡಗೈಯಿಂದ. ಎಡಗೈ ಪೆದ್ದು. ಚೆಂಡು ನೆಟ್ಟಗೆ ಇಳಿಯುವ ಬದಲು ಒಂದು ಪಕ್ಕ ವಾಲಿಕೊಂಡು ಇಳಿಯುತ್ತದೆ, ಕಾಲು ಅದರ ಹೊಟ್ಟೆಗೆ ಬಡಿಯುತ್ತದೆ, ಚೆಂಡು ಬೇಲಿ ಆಚೆ. ಮೊದಲ ಕೆಲವು ವಾರ ಅವನು ಒದ್ದದ್ದಕ್ಕಿಂತ ಬೇಲಿ ಹಾರಿದ್ದೇ ಜಾಸ್ತಿ. ಒಂದು ಮಂಗಳವಾರ ನೋಡುತ್ತೇನೆ, ಒದೆಯುತ್ತಲೇ ಇಲ್ಲ. ಎಡಗೈಯಿಂದ ಚೆಂಡು ಬಿಡುವುದು, ಅದು ನೆಟ್ಟಗೆ ನೆಲಕ್ಕೆ ಬಿದ್ದು ವಾಪಸ್ ಕೈಗೆ ಬರುತ್ತಾ ನೋಡುವುದು, ಮತ್ತೆ ಬಿಡುವುದು. ಇಪ್ಪತ್ತು ನಿಮಿಷ ಅದೊಂದೇ. ನಾನು ಹೇಳಿಕೊಟ್ಟದ್ದಲ್ಲ, ನನಗೆ ಗೊತ್ತೂ ಇರಲಿಲ್ಲ.

ಯಾಕೋ ಹೀಗೆ ಮಾಡ್ತಿದ್ದೀಯ ಅಂತ ಕೇಳಿದೆ. "ಬಲಗಾಲಿಗೆ ತಿರುಗೋಷ್ಟರಲ್ಲಿ ದೊಡ್ಡವರು ನನ್ನ ಹಿಡಿದುಬಿಡ್ತಾರೆ" ಅಂದ. ಅಷ್ಟೇ. ದೊಡ್ಡ ಆಟಗಾರ ಆಗಬೇಕು, ಎಂಸಿಜಿಯಲ್ಲಿ ಆಡಬೇಕು, ಅಂಥದ್ದೇನೂ ಇಲ್ಲ. ತನಗೆ ಏನಿಲ್ಲ ಅಂತ ಅವನಿಗೆ ಸರಿಯಾಗಿ ಗೊತ್ತಿತ್ತು, ಅದಕ್ಕೊಂದು ದಾರಿ ಹುಡುಕಿಕೊಂಡಿದ್ದ. ನಾನು ಆಸೆ ಅನ್ನುವುದು ಇದಕ್ಕೆ. ಶನಿವಾರ ಎಲ್ಲರಿಗೂ ಗೆಲ್ಲಬೇಕು ಅಂತಿರುತ್ತದೆ. ಮಂಗಳವಾರ ಸಂಜೆ, ಲೈಟ್ ಆರಿಸುವ ಹೊತ್ತಿಗೆ, ಬೇಜಾರಿನ ಕೆಲಸವನ್ನು ಇನ್ನೊಂದು ಸಲ ಮಾಡುವುದು ಬೇರೆ.

ಈ ಆಟದ ಅಂಕಿಅಂಶದಲ್ಲಿ 'ಒನ್ ಪರ್ಸೆಂಟರ್' ಅಂತ ಒಂದು ಸಾಲಿದೆ. ಎದುರಾಳಿ ಒದೆಯುವಾಗ ಅವನ ಬೂಟಿನ ಮೇಲೆ ಕೈ ಚಾಚಿ ಬಿದ್ದು ಚೆಂಡು ತಡೆಯುವುದು, ಹಿಡಿಯಲಾಗದ ಚೆಂಡನ್ನು ಗುದ್ದಿ ದೂರ ಕಳಿಸುವುದು, ಇಂಥವು. ಸ್ಕೋರ್ ಬೋರ್ಡಿಗೆ ಬರುವುದಿಲ್ಲ, ಮೈ ನೋಯುತ್ತದೆ. ನಮ್ಮ ಹುಡುಗರ ಆಟದಲ್ಲಿ ನಾನು ಗೋಲು ಬರೆದುಕೊಳ್ಳುವುದನ್ನು ಬಿಟ್ಟು ಇವನ್ನು ಮಾತ್ರ ಬರೆದುಕೊಳ್ಳತೊಡಗಿದೆ. ಪಂದ್ಯ ಮುಗಿದ ಮೇಲೆ ಅದನ್ನೇ ಓದುತ್ತಿದ್ದೆ. ಒಂದು ತಿಂಗಳಲ್ಲಿ ಅವು ಎರಡು ಪಟ್ಟಾದವು. ಹುಡುಗರು ಒಂದೇ ತಿಂಗಳಲ್ಲಿ ಬದಲಾದರಾ? ಇಲ್ಲ. ದೊಡ್ಡವರು ಏನನ್ನು ನೋಡುತ್ತಾರೆ ಅನ್ನುವುದು ಬದಲಾಯ್ತು.

ಇನ್ನು ನನ್ನ ತಪ್ಪಿನ ವಿಷಯ. ನನ್ನ ಮಗ ಆ ಹುಡುಗನ ಜೊತೆಗಾರ. ಎತ್ತರ ಇದ್ದ. ಗಾಳಿಯಲ್ಲಿ ಚೆಂಡು ಹಿಡಿಯುವುದು ಅವನಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ನನಗೆ ತಲೆ ತಿರುಗಿತು. ಎಕ್ಸ್ಟ್ರಾ ಕೋಚಿಂಗ್, ದುಬಾರಿ ಬೂಟು. ಪಂದ್ಯ ಮುಗಿಸಿ ಬರುವಾಗ ಕಾರಿನಲ್ಲಿ ಇಡೀ ಆಟದ ಪೋಸ್ಟ್‌ಮಾರ್ಟಂ. ಅಲ್ಲಿ ಯಾಕೆ ಓಡಲಿಲ್ಲ, ಇಲ್ಲಿ ಯಾಕೆ ಕೊಡಲಿಲ್ಲ. ಅವನಿಗೆ 14 ಆದಾಗ ಒಂದು ದಿನ ಸಿಗ್ನಲ್‌ನಲ್ಲಿ ಕಾರು ನಿಂತಿತ್ತು. ಕಿಟಕಿ ಕಡೆ ನೋಡ್ತಾ ಹೇಳಿದ, "ಅಪ್ಪ, ಇಷ್ಟೊಂದು ಇಷ್ಟ ಇದ್ರೆ ನೀನೇ ಆಡು." ಆ ಸೀಸನ್ ಮುಗಿಸಿ ಬಿಟ್ಟ. ಈಗ ರಾತ್ರಿ ಹೊತ್ತು ಗೆಳೆಯರ ಜೊತೆ ಬಾಸ್ಕೆಟ್‌ಬಾಲ್ ಆಡುತ್ತಾನೆ, ಖುಷಿಯಾಗಿದ್ದಾನೆ. ನೋಡಲು ನಾನು ಬರುವ ಹಾಗಿಲ್ಲ, ಅದು ಷರತ್ತು. ಅವನಿಗೆ ಪ್ರತಿಭೆ ಇತ್ತು, ಆ ಮನೆಯಲ್ಲಿ ಆಸೆಯೂ ಬೇಕಾದಷ್ಟಿತ್ತು. ಆಸೆ ಮಾತ್ರ ನನ್ನದಾಗಿತ್ತು.

ನಗಬೇಡಿ, ನಿಮ್ಮಲ್ಲಿ ಅರ್ಧ ಜನ ಇದೇ ಕೆಲಸವನ್ನು ಸ್ಪೆಲಿಂಗ್ ಬೀ, ಸೆಲೆಕ್ಟಿವ್ ಸ್ಕೂಲ್ ಪರೀಕ್ಷೆ ವಿಷಯದಲ್ಲಿ ಮಾಡುತ್ತಿದ್ದೀರಿ.

ಟಾಮ್ ಬಾಯ್ಡ್ ಹೆಸರು ಕೇಳಿರಬಹುದು. 2013ರ ಡ್ರಾಫ್ಟ್‌ನಲ್ಲಿ ಮೊದಲ ಹೆಸರು. ಮಾರನೇ ವರ್ಷವೇ ವೆಸ್ಟರ್ನ್ ಬುಲ್‌ಡಾಗ್ಸ್ 7 ವರ್ಷದ ದೊಡ್ಡ ಒಪ್ಪಂದ ಕೊಟ್ಟು ಕರೆದುಕೊಂಡಿತು. 19 ವರ್ಷದ ಹುಡುಗನ ಬೆಲೆ ದಿನಾ ಪೇಪರಿನಲ್ಲಿ. 2016ರ ಫೈನಲ್‌ನಲ್ಲಿ ಮೂರು ಗೋಲು ಹೊಡೆದರು. ಬುಲ್‌ಡಾಗ್ಸ್ 62 ವರ್ಷದ ನಂತರ ಕಪ್ ಗೆದ್ದಿತು. ಇಲ್ಲಿ ನಮ್ಮ ಪಶ್ಚಿಮದ ಕಡೆ ಆ ರಾತ್ರಿ ಯಾರೂ ಮಲಗಲಿಲ್ಲ. 2019ರಲ್ಲಿ, 23ನೇ ವಯಸ್ಸಿಗೆ, ಒಪ್ಪಂದ ಇನ್ನೂ ಇರುವಾಗಲೇ ಆಟ ಬಿಟ್ಟರು. ಮನಸ್ಸಿನ ಆರೋಗ್ಯದ ಬಗ್ಗೆ ಮುಚ್ಚಿಡದೆ ಮಾತಾಡಿದರು. ಆಡಬೇಕು ಅನ್ನುವ ಆಸೆಯೇ ವರ್ಷದಿಂದ ವರ್ಷಕ್ಕೆ ಸವೆದು ಹೋಯ್ತು ಅನ್ನುವ ಅರ್ಥದಲ್ಲಿ ಹೇಳಿದರು.

ಅವರಿಗೆ ಛಲ ಇರಲಿಲ್ಲ ಅನ್ನಲು ನಿಮಗೆ ಬಾಯಿ ಬರುತ್ತಾ? ನನಗಂತೂ ಬರಲ್ಲ. ಬಾವಿಯಲ್ಲಿ ನೀರು ಕಡಿಮೆಯಾದರೆ ಬಾವಿಯನ್ನು ಬಯ್ಯುತ್ತೇವಾ, ಎಷ್ಟು ಸೇದಿದೆವು ಅಂತ ನೋಡುತ್ತೇವಾ? "ಇವನಿಗೆ ಆಸೆ ಇಲ್ಲ" ಅನ್ನುವುದು ಕೋಚ್‌ಗಳಿಗೆ ತುಂಬಾ ಸುಲಭದ ಮಾತು. ಆ ಮಾತು ಹೇಳಿದ ಕೂಡಲೇ ನಮ್ಮ ಜವಾಬ್ದಾರಿ ಮುಗಿಯುತ್ತದೆ, ಅಲ್ವಾ? ಅದಕ್ಕೇ ನನಗೆ ಆ ಮಾತಿನ ಮೇಲೆ ಅನುಮಾನ.

ಇನ್ನೊಂದು ಅನುಮಾನವೂ ಇದೆ. ಮಾರ್ಲಿಯನ್ ಪಿಕೆಟ್ ಕಥೆ ಎಲ್ಲರಿಗೂ ಇಷ್ಟ. ವರ್ಷಗಟ್ಟಲೆ ಪಶ್ಚಿಮ ಆಸ್ಟ್ರೇಲಿಯಾದ ಲೀಗ್‌ನಲ್ಲಿ ಆಡಿಕೊಂಡಿದ್ದವರು. 2019ರಲ್ಲಿ, 27ನೇ ವಯಸ್ಸಿಗೆ, ಸೀಸನ್ ನಡುವಿನ ಡ್ರಾಫ್ಟ್‌ನಲ್ಲಿ ರಿಚ್ಮಂಡ್ ಅವರನ್ನು ತಗೊಂಡಿತು. ಆಗ ಬೆರಳು ಬೇರೆ ಮುರಿದಿತ್ತು. ಎಎಫ್‌ಎಲ್‌ನಲ್ಲಿ ಅವರ ಮೊಟ್ಟಮೊದಲ ಪಂದ್ಯವೇ ಆ ವರ್ಷದ ಫೈನಲ್. 1952ರ ನಂತರ ಹಾಗೆ ಯಾರಿಗೂ ಆಗಿರಲಿಲ್ಲ. ರಿಚ್ಮಂಡ್ 89 ಪಾಯಿಂಟ್‌ನಿಂದ ಗೆದ್ದಿತು, ಪಿಕೆಟ್ ಒಂದು ಗೋಲನ್ನೂ ಹೊಡೆದರು. ಕಣ್ಣಲ್ಲಿ ನೀರು ಬರಿಸುವ ಕಥೆ. ಆದರೆ ಅಷ್ಟೇ ವರ್ಷ, ಅಷ್ಟೇ ಆಸೆಯಿಂದ ಕಾದು, ಫೋನ್ ಬರದೇ ಹೋದವರು ಎಷ್ಟು ಜನ? ಅವರನ್ನು ಯಾರೂ ಭಾಷಣಕ್ಕೆ ಕರೆಯುವುದಿಲ್ಲ. ಗೆದ್ದವರು ಆಸೆಯಿಂದ ಗೆದ್ದೆ ಅಂತ ಹೇಳುತ್ತಾರೆ. ಸೋತವರಿಗೂ ಅಷ್ಟೇ ಆಸೆ ಇತ್ತು ಅಂತ ಕೇಳಿ ತಿಳಿದವರಿಲ್ಲ.

ಚೆಂಡು ಎಲ್ಲಿಗೆ ಬಂತು? ಸರಿ, ಕೊನೇ ಸಾಲು ಮುಟ್ಟಿದೆ. ಅಲ್ಲೇ ಇರಲಿ.

ಅಲ್ಲಿ ಕೂತಿರುವ ಅಕ್ಕ ಒಬ್ಬರು ಆಗಲೇ ಚೀಟಿ ಕಳಿಸಿದ್ದಾರೆ. "ಹಾಗಾದ್ರೆ ಮಗನನ್ನು ಸೇರಿಸಬೇಕೋ ಬೇಡವೋ?" ಅಕ್ಕಾ, ಸೇರಿಸಿ. ಶನಿವಾರ ಬೆಳಿಗ್ಗೆ ಬೇಗ ಏಳಬೇಕು, ಬಟ್ಟೆ ಕೆಸರಾಗುತ್ತದೆ, ಕ್ಯಾಂಟೀನ್ ಸರದಿ ಬಂದಾಗ ಸಾಸೇಜ್ ಸುಡಬೇಕು. ನಮ್ಮ ಮನೆಯವರು ಒಮ್ಮೆ ಚಿತ್ರಾನ್ನ ಒಯ್ದರು, ಹತ್ತು ನಿಮಿಷದಲ್ಲಿ ಪಾತ್ರೆ ಖಾಲಿ. ವಾಪಸ್ ಬರುವಾಗ ಕಾರಿನಲ್ಲಿ ಆಟದ ಬಗ್ಗೆ ಮಾತ್ರ ಮಾತಾಡಬೇಡಿ. ಅವನೇ ಶುರು ಮಾಡಿದರೆ ಕೇಳಿಸಿಕೊಳ್ಳಿ.

ಆ ಎಡಗಾಲಿನ ಹುಡುಗ ಏನಾದ ಅಂತ ಯಾರಾದರೂ ಕೇಳುತ್ತೀರಿ ಅಂದುಕೊಂಡಿದ್ದೆ. ಯಾವ ಡ್ರಾಫ್ಟಿಗೂ ಹೋಗಲಿಲ್ಲ. ಎತ್ತರವೂ ಅಷ್ಟೇನೂ ಬೆಳೆಯಲಿಲ್ಲ. ಈಗ 19. ಎಲೆಕ್ಟ್ರಿಷಿಯನ್ ಕೆಲಸ ಕಲಿಯುತ್ತಿದ್ದಾನೆ. ನಮ್ಮ ಕ್ಲಬ್‌ನ ಎರಡನೇ ತಂಡದಲ್ಲಿ ಆಡುತ್ತಾನೆ, ಮಂಗಳವಾರ ಚಿಕ್ಕ ಮಕ್ಕಳಿಗೆ ಹೇಳಿಕೊಡಲು ಬರುತ್ತಾನೆ. ಹೋದ ಶನಿವಾರ ಕೊನೇ ಕ್ವಾರ್ಟರ್‌ನಲ್ಲಿ ಇಬ್ಬರು ಧಡೂತಿ ಎದುರಾಳಿಗಳು ಮೇಲೆ ಬೀಳುವಷ್ಟರಲ್ಲಿ, ತಿರುಗದೆ, ಇದ್ದಲ್ಲಿಂದಲೇ ಎಡಗಾಲಲ್ಲಿ ಒದ್ದ. ಚೆಂಡು ನೆಟ್ಟಗೆ ತಿರುಗಿಕೊಂಡು ಹೋಗಿ ಕಂಬಕ್ಕೆ ಬಡಿಯಿತು. ಒಂದು ಪಾಯಿಂಟ್.